ಕಡಿಮೆ ರೇಟಿನ ಸಾಫ್ಟ್‌ವೇರ್ ಕೊನೆಗೆ ಯಾಕೆ ಜಾಸ್ತಿ ಬೀಳುತ್ತೆ? ವ್ಯಾಪಾರಸ್ಥರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆ ಕಡೆ ಅಂಗಡಿ, ಏಜೆನ್ಸಿ, ಸೊಸೈಟಿ, ಸಣ್ಣ ಫ್ಯಾಕ್ಟ್ರಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡ್ತೀನಿ. ಈಗೀಗ ಹೊಸದಾಗಿ ಮಾಡೋದಕ್ಕಿಂತ ಬೇರೆ ಯಾರೋ ಮಾಡಿ ಬಿಟ್ಟು ಹೋಗಿರೋದನ್ನ ಸರಿ ಮಾಡಿಕೊಡಿ ಅಂತ ಬರೋರೇ ಜಾಸ್ತಿ ಆಗಿದಾರೆ. ಅವರು ಫೋನಲ್ಲಿ, ಗಲ್ಲಾಪೆಟ್ಟಿಗೆ ಪಕ್ಕ ಕೂತು ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರ್ತವೆ, ಅದಕ್ಕೆ ಎಲ್ಲಾನೂ ಒಂದೇ ಕಡೆ ಬರೆದಿಟ್ಟಿದೀನಿ.

ಮೂರು ಕೊಟೇಶನ್ ಬಂದಿದಾವೆ. ಒಂದು 60 ಸಾವಿರ, ಒಂದು ಒಂದೂವರೆ ಲಕ್ಷ, ಇನ್ನೊಂದು ಮೂರು ಲಕ್ಷ. ಮಾಡೋ ಕೆಲಸ ಒಂದೇ ಅಲ್ವಾ?

ಕೊಟೇಶನ್ ಹಾಳೇಲಿ ಬರೆದಿರೋದು ಒಂದೇ: ಬಿಲ್ಲಿಂಗ್, ಸ್ಟಾಕ್, ಬಾಕಿ ರಿಪೋರ್ಟ್, ಜಿಎಸ್‌ಟಿ. ವ್ಯತ್ಯಾಸ ಇರೋದು ಬರೀದೇ ಬಿಟ್ಟಿರೋದ್ರಲ್ಲಿ. ಎರಡು ಕೌಂಟರಿನಲ್ಲಿ ಒಂದೇ ಸಲ ಕೊನೇ ಬಾಕ್ಸ್ ಮಾರಿದ್ರೆ ಸ್ಟಾಕ್ ಮೈನಸ್ ಆಗುತ್ತಾ, ಬಿಲ್ ಸೇವ್ ಆಗೋ ಹೊತ್ತಿಗೆ ಕರೆಂಟ್ ಹೋದ್ರೆ ಅರ್ಧ ಬಿಲ್ ಒಳಗೆ ಉಳ್ಕೊಳ್ಳುತ್ತಾ, ಹುಡುಗ ಬಿಲ್ ಡಿಲೀಟ್ ಮಾಡಿ ದುಡ್ಡು ಜೇಬಿಗೆ ಹಾಕ್ಕೊಂಡ್ರೆ ನಿಮಗೆ ಗೊತ್ತಾಗುತ್ತಾ, ಇವೆಲ್ಲಾ ಡೆಮೋದಲ್ಲಿ ಕಾಣಲ್ಲ. ಡೆಮೋದಲ್ಲಿ ಮೂರೂ ಒಂದೇ ಥರ ಚೆನ್ನಾಗಿ ಓಡ್ತವೆ. ಸಂತೇಲಿ ಹಸು ಕೊಳ್ಳೋವಾಗ ಬೆಲೆ ಒಂದೇ ಕೇಳ್ಕೊಂಡು ಹಗ್ಗ ಹಿಡ್ಕೊಂಡು ಬರಲ್ಲ ನಾವು, ಎಷ್ಟನೇ ಸೂಲು, ಎಷ್ಟು ಲೀಟರ್ ಕರೆಯುತ್ತೆ, ಒದೆಯುತ್ತಾ ಹಾಯುತ್ತಾ ಅಂತೆಲ್ಲಾ ವಿಚಾರಿಸ್ತೀವಿ, ಸಾಫ್ಟ್‌ವೇರಿಗೂ ಅಷ್ಟೇ ವಿಚಾರಣೆ ಬೇಕು.

ಆಮೇಲೆ ದುಡ್ಡು ಹೋಗೋದು ಎಲ್ಲಿ? ಒಂದು ಉದಾಹರಣೆ ಹೇಳಿ.

ನನ್ನ ಕಣ್ಣಾರೆ ಕಂಡಿದ್ದನ್ನೇ ಹೇಳ್ತೀನಿ. 2025ರ ಸೆಪ್ಟೆಂಬರ್ 3ಕ್ಕೆ ಜಿಎಸ್‌ಟಿ ಕೌನ್ಸಿಲ್ ಮೀಟಿಂಗ್ ಆಗಿ ರೇಟೆಲ್ಲಾ ಬದಲಾಯ್ತು, 22ರಿಂದ ಜಾರಿ ಅಂದ್ರು, ಅವತ್ತೇ ನವರಾತ್ರಿ ಮೊದಲನೇ ದಿನ. ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತು 18ರಿಂದ 5ಕ್ಕೆ ಇಳಿದ್ವು, ತುಪ್ಪ ಬೆಣ್ಣೆ 12ರಿಂದ 5ಕ್ಕೆ. ನನಗೆ ಪರಿಚಯದ ಒಬ್ರು ಡಿಸ್ಟ್ರಿಬ್ಯೂಟರ್ ಇದಾರೆ, ಸೋಪು ಬಿಸ್ಕತ್ತನ್ನೇ ಸುತ್ತಮುತ್ತ ಹಳ್ಳಿ ಅಂಗಡಿಗಳಿಗೆ ಹಾಕೋರು. ಅವರ ಸಾಫ್ಟ್‌ವೇರ್ ಮಾಡಿದ ಹುಡುಗ ರೇಟನ್ನ ಕೋಡ್ ಒಳಗೇ, ಅಂದ್ರೆ ಪ್ರೋಗ್ರಾಂ ಬರವಣಿಗೆಯೊಳಗೇ, ಬರೆದಿಟ್ಟಿದ್ದ. ಬಿಲ್ ಸ್ಕ್ರೀನಲ್ಲಿ ಒಂದು ಕಡೆ, ಪ್ರಿಂಟ್‌ನಲ್ಲಿ ಇನ್ನೊಂದು ಕಡೆ, ರಿಪೋರ್ಟ್‌ನಲ್ಲಿ ಮತ್ತೊಂದು ಕಡೆ. ಅವನ ಫೋನ್ ಸ್ವಿಚ್ ಆಫ್. ಗೊತ್ತಿರೋ ಇನ್ಯಾರೋ ಬಂದು ಸ್ಕ್ರೀನಲ್ಲಿ 5 ಮಾಡಿ ಹೋಗಿದಾರೆ, ಪ್ರಿಂಟ್ ಮಾತ್ರ 18ರಲ್ಲೇ ಬರ್ತಿತ್ತು.

ಬೆಳಿಗ್ಗೆ ಎಂಟಕ್ಕೆ ನಾನು ಹೋದಾಗ ಗೋಡೌನ್ ಮುಂದೆ ಟಾಟಾ ಏಸ್ ಲೋಡ್ ಆಗಿ ನಿಂತಿತ್ತು, ಲೈನ್ ಹುಡುಗ್ರು ಕಟ್ಟೆ ಮೇಲೆ ಕೂತಿದ್ರು. ಸಾಹುಕಾರ್ರು ಸ್ಟೇಷನರಿ ಅಂಗಡಿಯಿಂದ ಬಿಲ್ ಬುಕ್ ತರಿಸ್ಕೊಂಡು ಕಾರ್ಬನ್ ಹಾಳೆ ಇಟ್ಟು ಕೈಯಲ್ಲಿ ಬರೀತಿದ್ರು, ಬೆರಳೆಲ್ಲಾ ನೀಲಿ ಆಗಿದ್ವು, ಪಕ್ಕದಲ್ಲಿ ಕ್ಯಾಲ್ಕುಲೇಟರ್. ನನ್ನ ನೋಡಿ ಒಂದೇ ಮಾತು, ‘ಮೂವತ್ತು ಸಾವಿರ ಉಳಿಸಿದೆ ಅಂತ ಅವತ್ತು ಖುಷಿ ಪಟ್ಟಿದ್ದೆ ಕಣಪ್ಪ.’ ನಾಲ್ಕು ದಿನ ಕೈ ಬಿಲ್ಲೇ ಆಯ್ತು. ಅದಾದ ಮೇಲೆ ಅಕ್ಟೋಬರ್ 11ರೊಳಗೆ ಜಿಎಸ್‌ಟಿಆರ್-1 (ಮಾರಾಟದ ರಿಟರ್ನ್) ಹಾಕ್ಬೇಕಲ್ಲ, ಅದಕ್ಕೆ ಇಬ್ಬರು ಕೂತು ವಾರ ಪೂರ್ತಿ ಆ ಬಿಲ್ಲೆಲ್ಲಾ ಎಂಟ್ರಿ ಮಾಡಿದ್ರು. ಅಷ್ಟರಲ್ಲಿ ಆಗಸ್ಟಲ್ಲಿ ಹೋದ ಮಾಲು ವಾಪಸ್ ಬರೋಕೆ ಶುರು ಆಯ್ತು. ಅದಕ್ಕೆ ಕ್ರೆಡಿಟ್ ನೋಟ್ (ವಾಪಸ್ ಬಂದ ಮಾಲಿನ ದುಡ್ಡು ಕಳೆಯೋ ಚೀಟಿ) ಹಳೇ 18ರಲ್ಲೇ ಹೋಗ್ಬೇಕು, ಸಾಫ್ಟ್‌ವೇರ್ 5ರಲ್ಲಿ ಹಾಕ್ತಿತ್ತು, ಯಾಕಂದ್ರೆ ಯಾವ ತಾರೀಕಿನಿಂದ ಯಾವ ರೇಟ್ ಅಂತ ಬರೆದಿಡೋ ಜಾಗನೇ ಅದರಲ್ಲಿ ಇರ್ಲಿಲ್ಲ. ಜುಲೈ ತಿಂಗಳ ಬಿಲ್ ಮತ್ತೆ ಪ್ರಿಂಟ್ ತೆಗೆದ್ರೆ ಅದೂ ಹೊಸ ರೇಟಲ್ಲಿ ಬರೋದು.

ರೇಟಿಗೊಂದು ಟೇಬಲ್ (ಪಟ್ಟಿ) ಮಾಡಿ ಪಕ್ಕದಲ್ಲಿ ಜಾರಿ ತಾರೀಕು ಇಡೋದು ಮೊದಲೇ ಮಾಡಿದ್ರೆ ಅರ್ಧ ದಿನದ ಕೆಲಸ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗಿಂದ ರೇಟು ಎಷ್ಟು ಸಲ ಬದಲಾಗಿದೆ ಅಂತ ವ್ಯಾಪಾರ ಮಾಡೋ ಎಲ್ರಿಗೂ ಗೊತ್ತು, ಹಾಗಾಗಿ ಇದು ಯಾರಿಗೂ ಅನಿರೀಕ್ಷಿತ ಅಲ್ಲ. ಆ ಅರ್ಧ ದಿನ ಕಡಿಮೆ ಕೊಟೇಶನ್ನಲ್ಲಿ ಇರ್ಲಿಲ್ಲ ಅಷ್ಟೇ.

ಒಂದು ನಂಬರ್ ಬದಲಾಯ್ಸೋಕೆ ಇಷ್ಟು ದುಡ್ಡು ಕೇಳ್ತೀರಲ್ಲ?

ನಂಬರ್ ಬದಲಾಯ್ಸೋಕೆ ಎರಡು ನಿಮಿಷ ಸಾಕು. ಅದು ಎಲ್ಲೆಲ್ಲಿ ಅಡಗಿ ಕೂತಿದೆ ಅಂತ ಹುಡುಕೋದು, ಒಂದು ಕಡೆ ಮುಟ್ಟಿದ್ರೆ ಇನ್ನೆಲ್ಲಿ ಕೆಡುತ್ತೆ ಅಂತ ನೋಡೋದು, ಅದಕ್ಕೆ ದಿನಗಟ್ಲೆ ಹಿಡಿಯುತ್ತೆ. ವಾರ್ಡ್ ಕನಿಂಗ್‌ಹ್ಯಾಮ್ ಅನ್ನೋ ಅಮೆರಿಕದ ಪ್ರೋಗ್ರಾಮರ್ 1992ರಲ್ಲೇ ಇಂಥ ಅವಸರದ ಕೋಡನ್ನ ಸಾಲಕ್ಕೆ ಹೋಲಿಸಿದ್ರು, ಈಗ ನಮ್ಮ ಫೀಲ್ಡಲ್ಲಿ ಟೆಕ್ನಿಕಲ್ ಡೆಟ್ ಅಂತೀವಿ. ಸಾಲ ಮಾಡೋದೇ ತಪ್ಪು ಅಂತ ಅಲ್ಲ, ವ್ಯಾಪಾರದಲ್ಲಿ ಎಲ್ರೂ ಮಾಡ್ತಾರೆ. ಆದ್ರೆ ಇಲ್ಲಿ ನಿಮ್ಮ ಹೆಸರಲ್ಲಿ ಬೇರೆಯವರು ಸಾಲ ಎತ್ತಿರ್ತಾರೆ, ಎಷ್ಟು ಅಂತ ನಿಮಗೆ ಹೇಳಿರಲ್ಲ, ಪ್ರತಿ ಬದಲಾವಣೆಗೂ ಬಡ್ಡಿ ಕಟ್ಟೋರು ಮಾತ್ರ ನೀವು.

ಓಡ್ತಾ ಇದೆಯಲ್ಲ, ಸುಮ್ನೆ ಯಾಕೆ ಮುಟ್ಟಬೇಕು?

ಬೇಡದೇ ಇರೋದನ್ನ ತೆಗೀದೇ ಬಿಟ್ರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ನೈಟ್ ಕ್ಯಾಪಿಟಲ್ ಕಥೆ ನೋಡಿ, ಷೇರು ವಹಿವಾಟಿನ ದೊಡ್ಡ ಕಂಪನಿ ಅದು. 2012ರ ಆಗಸ್ಟ್ 1ಕ್ಕೆ ಹೊಸ ಕೋಡ್ ಶುರು ಮಾಡಿದ್ರು. ಎಂಟು ಸರ್ವರ್‌ನಲ್ಲಿ (ಸಾಫ್ಟ್‌ವೇರ್ ಓಡಿಸೋ ಕಂಪ್ಯೂಟರ್) ಏಳಕ್ಕೆ ಹೊಸದು ಹಾಕಿ ಒಂದಕ್ಕೆ ಹಾಕೋದು ಮರೆತಿದ್ರು, ಆ ಒಂದರಲ್ಲಿ ವರ್ಷಗಟ್ಲೆ ಹಿಂದೆ ಬಳಕೆ ನಿಲ್ಲಿಸಿದ್ದ ಹಳೇ ಕೋಡ್ ಹಾಗೇ ಕೂತಿತ್ತು, ಹೊಸ ಕೆಲಸಕ್ಕೆ ಅದೇ ಹಳೇ ಸ್ವಿಚ್ಚನ್ನೇ ಮತ್ತೆ ಬಳಸಿದ್ರಿಂದ ಅದು ಎದ್ದು ಕೂತು ಆರ್ಡರ್ ಮೇಲೆ ಆರ್ಡರ್ ಕಳಿಸ್ತು. 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಮೇಲೆ ಹೋಯ್ತು, ಕಂಪನಿ ಬೇರೆಯವರ ಪಾಲಾಯ್ತು. ಹಳೇ ಕೋಡ್ ತೆಗೆದು, ಎಂಟೂ ಸರ್ವರಿಗೆ ಹೊಸದು ಹೋಗಿದೆಯಾ ಅಂತ ಇನ್ನೊಬ್ಬರು ಒಂದ್ಸಲ ನೋಡಿದ್ರೆ ಮುಗೀತಿತ್ತು. ನಮ್ಮೂರಿನ ಅಂಗಡಿಗೆ ಅಷ್ಟು ದೊಡ್ಡ ಮೊತ್ತ ಹೋಗಲ್ಲ, ಹೋಗೋ ದಾರಿ ಮಾತ್ರ ಇದೇ.

ನಮ್ಮಣ್ಣನ ಮಗ ಇಂಜಿನಿಯರಿಂಗ್ ಓದ್ತಿದಾನೆ, ನಾನೇ ಮಾಡ್ಕೊಡ್ತೀನಿ ಚಿಕ್ಕಪ್ಪ ಅಂತಾನೆ. ಮಾಡಿಸ್ಲಾ?

ವೆಬ್‌ಸೈಟ್ ಮಾಡಿಸಿ, ಅಂಗಡಿ ಫೋಟೋ ಫೋನ್ ನಂಬರ್ ಮ್ಯಾಪ್ ಹಾಕಿಸಿ, ಹುಡುಗನಿಗೂ ಕಲಿಕೆ ಆಗುತ್ತೆ. ಬಿಲ್ಲಿಂಗು, ಸಾಲದ ಲೆಕ್ಕ, ಸಂಬಳದ ಲೆಕ್ಕ ಮಾತ್ರ ಅವನೊಬ್ಬನ ಕೈಗೆ ಕೊಡ್ಬೇಡಿ. ಹುಡುಗನ ಬುದ್ಧಿ ಬಗ್ಗೆ ನನಗೆ ಅನುಮಾನ ಇಲ್ಲ. ಇನ್ನೊಂದು ವರ್ಷಕ್ಕೆ ಅವನಿಗೆ ಬೆಂಗಳೂರಲ್ಲಿ ಕೆಲಸ ಸಿಗುತ್ತೆ, ಸಿಗ್ಲೇಬೇಕು, ಆಮೇಲೆ ಮಾರ್ಚ್ 31ರ ರಾತ್ರಿ ನಿಮ್ಮ ಬ್ಯಾಲೆನ್ಸ್ ಟ್ಯಾಲಿ ಆಗ್ಲಿಲ್ಲ ಅಂದ್ರೆ ಅವನು ಆಫೀಸ್ ಕೆಲಸ ಬಿಟ್ಟು ಬರೋಕಾಗಲ್ಲ, ಮನೆಯವರನ್ನ ಬೈಯೋಕೆ ನಿಮಗೂ ಆಗಲ್ಲ. ಇದರಿಂದ ಅಣ್ಣತಮ್ಮಂದಿರ ನಡುವೆ ಮಾತು ಬಿಟ್ಟಿರೋದನ್ನ ನಾನು ನೋಡಿದೀನಿ.

ದುಡ್ಡು ಕೊಟ್ಟು ಮಾಡಿಸಿದೀವಿ, ಕೋಡ್ ನಮ್ದೇ ತಾನೇ?

ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ ಇದು, ದಯವಿಟ್ಟು ಗಮನ ಕೊಟ್ಟು ಓದಿ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ನಿಮ್ಮಲ್ಲಿ ಸಂಬಳಕ್ಕಿರೋ ನೌಕರ ಕೆಲಸದ ಭಾಗವಾಗಿ ಬರೆದಿದ್ದು ಸಾಮಾನ್ಯವಾಗಿ ನಿಮ್ಮದು. ಹೊರಗಿನ ಫ್ರೀಲಾನ್ಸರ್ ಅಥವಾ ಕಂಪನಿ ಬರೆದಿದ್ದಾದ್ರೆ, ನೀವು ಪೂರ್ತಿ ದುಡ್ಡು ಕೊಟ್ಟಿದ್ರೂ ಹಕ್ಕನ್ನ ಬರವಣಿಗೇಲಿ ನಿಮಗೆ ವರ್ಗಾಯಿಸೋ ತನಕ ಅದು ಅವರದ್ದೇ. ವರ್ಗಾವಣೆ ಪತ್ರದಲ್ಲೂ ಎಷ್ಟು ವರ್ಷ ಅಂತ ಬರೀದಿದ್ರೆ ಐದೇ ವರ್ಷ ಅಂತ ಲೆಕ್ಕ, ಯಾವ ಪ್ರದೇಶಕ್ಕೆ ಅಂತ ಬರೀದಿದ್ರೆ ಭಾರತಕ್ಕೆ ಮಾತ್ರ, 19ನೇ ಸೆಕ್ಷನ್‌ನಲ್ಲಿ ಇದೆ. ಕಡಿಮೆ ರೇಟಿಗೆ ವಾಟ್ಸಾಪ್‌ನಲ್ಲಿ ಮಾತಾಡಿ ಮುಗಿಸಿದ ಕೆಲಸಕ್ಕೆ ಇಂಥ ಪತ್ರ ಇರೋದೇ ಇಲ್ಲ. ವಕೀಲರ ಹತ್ರ ಒಂದು ಒಪ್ಪಂದ ಮಾಡಿಸಿ, ಆ ಖರ್ಚು ದೊಡ್ಡದಲ್ಲ.

ಕಾಗದದ ಜೊತೆ ಕೈಗೂ ಸಿಗ್ಬೇಕು. ಸೋರ್ಸ್ ಕೋಡ್ (ಪ್ರೋಗ್ರಾಮಿನ ಮೂಲ ಬರವಣಿಗೆ) ನಿಮ್ಮ ಅಕೌಂಟಲ್ಲಿ ಇರ್ಬೇಕು, ಡೊಮೈನ್ (ವೆಬ್‌ಸೈಟ್ ಹೆಸರು) ನಿಮ್ಮ ಹೆಸರು ನಿಮ್ಮ ಇಮೇಲ್‌ನಲ್ಲಿ ಇರ್ಬೇಕು, ಸರ್ವರ್ ಬಿಲ್ ನಿಮ್ಮ ಕಾರ್ಡಿಗೆ ಬರ್ಬೇಕು. ‘ಎಲ್ಲಾ ನಾವೇ ನೋಡ್ಕೊಳ್ತೀವಿ ಸರ್, ನಿಮಗ್ಯಾಕೆ ತಲೆನೋವು’ ಅಂದಾಗ ಹಾಯಾಗಿರುತ್ತೆ. ಅವರು ಫೋನ್ ಎತ್ತದ ದಿನ ಹತ್ತು ವರ್ಷದಿಂದ ಗಿರಾಕಿಗಳಿಗೆ ಗೊತ್ತಿರೋ ನಿಮ್ಮ ವೆಬ್‌ಸೈಟ್ ಹೆಸರೇ ಕೈತಪ್ಪಿ ಹೋಗಿರುತ್ತೆ.

ಕನ್ನಡದಲ್ಲಿ ಹೆಸರು ಹಾಕಿದ್ವಿ, ಈಗ ಬರೀ ಪ್ರಶ್ನೆ ಚಿಹ್ನೆ ಬರ್ತಿದೆ. ವಾಪಸ್ ಬರುತ್ತಾ?

ಒಂದು ಸಹಕಾರ ಸಂಘದ ಸೆಕ್ರೆಟರಿ ಇದನ್ನ ಕೇಳಿದಾಗ ನನಗೆ ನಿಜವಾಗ್ಲೂ ಸಂಕಟ ಆಯ್ತು. ಷೇರುದಾರರ ಪಟ್ಟಿ ತೆಗೆದ್ರೆ ಹೆಸರಿನ ಜಾಗದಲ್ಲಿ ????? ಅಂತ ಸಾಲು ಸಾಲು, ಪಕ್ಕದಲ್ಲಿ ಸದಸ್ಯ ಸಂಖ್ಯೆ ಮಾತ್ರ ಸರಿ ಇತ್ತು. ಡೇಟಾಬೇಸ್ ಟೇಬಲ್ಲನ್ನ ಲ್ಯಾಟಿನ್ ಅಕ್ಷರಕ್ಕೆ ಮಾತ್ರ ಜಾಗ ಇರೋ ಹಾಗೆ ಮಾಡಿದ್ರು, ಎಲ್ಲಾ ಭಾಷೆಯ ಅಕ್ಷರಕ್ಕೂ ಜಾಗ ಕೊಡೋ ಯೂನಿಕೋಡ್ ಸೆಟ್ಟಿಂಗ್ ಇಟ್ಟಿರ್ಲಿಲ್ಲ. ಹಾಗಿದ್ದಾಗ ಕನ್ನಡ ಅಕ್ಷರ ಒಳಗೆ ಹೋಗೋವಾಗ್ಲೇ ಪ್ರಶ್ನೆ ಚಿಹ್ನೆ ಆಗಿ ಕೂತ್ಕೊಳ್ಳುತ್ತೆ, ಒಳಗೆ ಇರೋದೇ ಪ್ರಶ್ನೆ ಚಿಹ್ನೆ, ಯಾರೇ ಬಂದ್ರೂ ಅದರಿಂದ ಹೆಸರು ತೆಗೆಯೋಕಾಗಲ್ಲ. ಹಳೇ ಲೆಡ್ಜರ್ ಇಟ್ಕೊಂಡು ಒಂದೊಂದೇ ಹೆಸರು ಮತ್ತೆ ಟೈಪ್ ಮಾಡಿಸಿದ್ರು, ಇನಿಷಿಯಲ್ ತಪ್ಪಾದವರು ಬಂದು ಜಗಳ ಆಡಿದ್ರು.

ಇದಕ್ಕಿಂತ ವಾಸಿ ಇರೋ ಕೇಸು ಅಂದ್ರೆ ಹಳೇ ನುಡಿ, ಬರಹ ಫಾಂಟಿನ ಎನ್‌ಕೋಡಿಂಗ್‌ನಲ್ಲಿ ಟೈಪ್ ಮಾಡಿಟ್ಟ ಡೇಟಾ. ಒಳಗೆ ಇಂಗ್ಲಿಷ್ ಅಕ್ಷರ ಚಿಹ್ನೆಗಳಾಗಿ ಇರುತ್ತೆ, ಫಾಂಟ್ ಇದ್ರೆ ಮಾತ್ರ ಕನ್ನಡ ಕಾಣುತ್ತೆ. ಹುಡುಕಾಟ ನೆಟ್ಟಗೆ ಆಗಲ್ಲ, ಅಕಾರಾದಿ ಜೋಡಿಸೋಕಾಗಲ್ಲ, ಮೊಬೈಲಲ್ಲಿ ಓದೋಕಾಗಲ್ಲ, ಆದ್ರೂ ಕನ್ವರ್ಟರ್ ಹಾಕಿ ಯೂನಿಕೋಡ್‌ಗೆ ತರಬಹುದು, ಒತ್ತಕ್ಷರ ಅರ್ಕಾವೊತ್ತು ಕಣ್ಣಲ್ಲಿ ನೋಡಿ ತಿದ್ದಬೇಕು. ಕೆಲಸ ಕೊಡೋ ಮುಂಚೆ ‘ಜ್ಯೋತ್ಸ್ನಾ’, ‘ಕೃಷ್ಣಮೂರ್ತಿ’ ಅಂತ ಎರಡು ಹೆಸರು ಹಾಕಿ, ಸೇವ್ ಮಾಡಿ, ಹುಡುಕಿ, ಪ್ರಿಂಟ್ ತೆಗೀರಿ. ಐದು ನಿಮಿಷ ಸಾಕು.

ರಿಪೋರ್ಟಲ್ಲಿ ಪೈಸೆ ವ್ಯತ್ಯಾಸ ಬರ್ತಿದೆ, ಅಷ್ಟಕ್ಕೇ ತಲೆ ಕೆಡಿಸ್ಕೊಳ್ಬೇಕಾ?

ಕೆಡಿಸ್ಕೊಳ್ಬೇಕು. ದುಡ್ಡನ್ನ ಫ್ಲೋಟ್ ಅನ್ನೋ ಥರದ ಸಂಖ್ಯೆಯಾಗಿ ಇಟ್ಟಿದ್ರೆ ಕಂಪ್ಯೂಟರ್ 0.1 ಮತ್ತು 0.2 ಕೂಡಿಸಿದ್ರೆ ಸರಿಯಾಗಿ 0.3 ಬರಲ್ಲ, ಕೊನೇಲಿ ಸಣ್ಣ ಬಾಲ ಉಳಿಯುತ್ತೆ. ದುಡ್ಡಿಗೆ ಡೆಸಿಮಲ್ ಬಳಸ್ಬೇಕು, ಇಲ್ಲಾ ಪೂರ್ತಿ ಪೈಸೆಯಲ್ಲೇ ಇಡ್ಬೇಕು, ಮೊದಲ ವರ್ಷದ ವಿದ್ಯಾರ್ಥಿಗೂ ಹೇಳಿಕೊಡೋ ಪಾಠ ಇದು. ಪೈಸೆ ಹೋಗ್ಲಿ ಬಿಡಿ, ಆ ವ್ಯತ್ಯಾಸ ಎಲ್ಲಿಂದ ಬಂತು ಅಂತ ಹುಡುಕೋಕೆ ನಿಮ್ಮ ಅಕೌಂಟೆಂಟ್ ಪ್ರತಿ ತಿಂಗಳು ಕೂರ್ತಾರಲ್ಲ, ಅದರ ಲೆಕ್ಕ ಮುಂದಿದೆ.

ನಮ್ಮ ಸ್ಟಾಫ್ ಹೇಗೋ ಎಕ್ಸೆಲ್‌ನಲ್ಲಿ ಮ್ಯಾನೇಜ್ ಮಾಡ್ತಾರೆ. ಅದು ಖರ್ಚು ಹೇಗಾಗುತ್ತೆ?

ಒಬ್ಬರಿಗೆ ತಿಂಗಳಿಗೆ 18 ಸಾವಿರ ಸಂಬಳ ಅಂತ ಇಟ್ಕೊಳ್ಳಿ. 26 ದಿನ, ದಿನಕ್ಕೆ 8 ಗಂಟೆ, ಅಂದ್ರೆ 208 ಗಂಟೆ, ಗಂಟೆಗೆ ಸುಮಾರು 86 ರೂಪಾಯಿ 54 ಪೈಸೆ ಬೀಳುತ್ತೆ. ಸಾಫ್ಟ್‌ವೇರ್ ಕೊಡೋ ರಿಪೋರ್ಟ್ ನಂಬೋ ಹಾಗಿಲ್ಲ ಅಂತ ಅವರು ದಿನಾ ಒಂದೂವರೆ ಗಂಟೆ ಎಕ್ಸೆಲ್‌ನಲ್ಲಿ ಮತ್ತೆ ಲೆಕ್ಕ ಮಾಡಿದ್ರೆ ತಿಂಗಳಿಗೆ 3,375, ವರ್ಷಕ್ಕೆ 40,500, ಮೂರು ವರ್ಷಕ್ಕೆ 1,21,500. 60 ಸಾವಿರದ ಸಾಫ್ಟ್‌ವೇರನ್ನ ಮತ್ತೆರಡು ಸಲ ಕೊಂಡ ಹಾಗಾಯ್ತು, ಅದೂ ಒಬ್ಬರ ಲೆಕ್ಕ ಮಾತ್ರ. ಇದಕ್ಕೆ ಬಿಲ್ ಬರಲ್ಲ, ಸಂಬಳದೊಳಗೆ ಸೇರ್ಕೊಂಡು ಹೋಗುತ್ತೆ, ಅದಕ್ಕೇ ಯಾರ ಕಣ್ಣಿಗೂ ಬೀಳಲ್ಲ. ಒಂದು ವಾರ ಅವರ ಪಕ್ಕ ಕೂತು ಯಾವ ಕೆಲಸ ಎರಡೆರಡು ಸಲ ಮಾಡ್ತಾರೆ ಅಂತ ಬರ್ಕೊಳ್ಳಿ.

ಬ್ಯಾಕಪ್ ಇದೆ ಅಂದಿದಾರೆ, ಸಾಕಲ್ವಾ?

ಇದೆ ಅನ್ನೋದು ಬೇರೆ, ಅದರಿಂದ ಡೇಟಾ ವಾಪಸ್ ತಂದು ನೋಡಿದೀವಿ ಅನ್ನೋದು ಬೇರೆ. ಗಿಟ್‌ಲ್ಯಾಬ್ ಅನ್ನೋ ಕಂಪನಿ, ಸಾಫ್ಟ್‌ವೇರ್ ಮಾಡೋರಿಗೇ ಸೇವೆ ಕೊಡೋರು ಅವರು, 2017ರ ಜನವರಿ 31ಕ್ಕೆ ಒಬ್ಬ ಇಂಜಿನಿಯರ್ ಬೇರೆ ಸರ್ವರ್ ಅಂದ್ಕೊಂಡು ಮುಖ್ಯ ಡೇಟಾಬೇಸ್ ಅಳಿಸಿಬಿಟ್ರು. ಐದು ಥರದ ಬ್ಯಾಕಪ್ ವ್ಯವಸ್ಥೆ ಇತ್ತು, ಒಂದೂ ಸರಿಯಾಗಿ ಕೈಹಿಡೀಲಿಲ್ಲ. ಬೇರೆ ಕೆಲಸಕ್ಕೆ ಅಂತ ಆರು ಗಂಟೆ ಮುಂಚೆ ತೆಗೆದಿದ್ದ ಕಾಪಿ ಇದ್ದಿದ್ದಕ್ಕೆ ಬಚಾವಾದ್ರು. ಅಷ್ಟು ತಿಳಿದವರಿಗೇ ಹೀಗಾಗುತ್ತೆ ಅಂದ್ಮೇಲೆ ಅದೇ ಕಂಪ್ಯೂಟರಿನ ಡಿ ಡ್ರೈವಿಗೆ ಕಾಪಿ ಮಾಡಿಟ್ಟಿದೀವಿ ಅನ್ನೋದನ್ನ ನಂಬಿ ಕೂರ್ಬೇಡಿ. ಮೂರು ತಿಂಗಳಿಗೊಂದ್ಸಲ ಬೇರೆ ಕಂಪ್ಯೂಟರಿನಲ್ಲಿ ಬ್ಯಾಕಪ್ ಹಾಕಿಸಿ ನಿನ್ನೆಯ ಕೊನೇ ಬಿಲ್ ಬರುತ್ತಾ ಅಂತ ನೋಡಿ.

ನಮ್ಮ ಸಣ್ಣ ಬಿಸಿನೆಸ್ ಡೇಟಾ ಯಾರು ಕದೀತಾರೆ?

ನಿಮ್ಮನ್ನೇ ಹುಡ್ಕೊಂಡು ಯಾರೂ ಬರ್ಬೇಕಿಲ್ಲ, ಅಪ್‌ಡೇಟ್ ಆಗದ ಸರ್ವರ್‌ಗಳನ್ನ ಪ್ರೋಗ್ರಾಂಗಳೇ ಹಗಲುರಾತ್ರಿ ಹುಡುಕ್ತಿರ್ತವೆ. ಜನರ ಸಾಲದ ದಾಖಲೆ ಇಡೋ ಅಮೆರಿಕದ ಎಕ್ವಿಫ್ಯಾಕ್ಸ್ ಕಂಪನೀಲಿ 2017ರಲ್ಲಿ ಸುಮಾರು 14.7 ಕೋಟಿ ಜನರ ಮಾಹಿತಿ ಹೋಗಿದ್ದು ಮಾರ್ಚಲ್ಲೇ ಬಂದಿದ್ದ ಒಂದು ಅಪ್‌ಡೇಟ್ ಹಾಕದೇ ಇದ್ದಿದ್ದಕ್ಕೆ. ವೆಬ್‌ಸೈಟ್ ಬರೆಯೋಕೆ ಬಳಸೋ ಪಿಎಚ್‌ಪಿ ಅನ್ನೋ ಭಾಷೆಯ 5.6 ಆವೃತ್ತಿಗೆ ಸೆಕ್ಯುರಿಟಿ ಅಪ್‌ಡೇಟ್ ನಿಂತಿದ್ದು 2018ರ ಡಿಸೆಂಬರ್‌ಗೆ, ಅದರ ಮೇಲೆ ಓಡ್ತಿರೋ ಸೈಟನ್ನ ನಾನು ಈಗಲೂ ನೋಡ್ತೀನಿ. ನಮ್ಮಲ್ಲೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ, ಮಾಹಿತಿ ಕಾಪಾಡೋಕೆ ತಕ್ಕ ಕ್ರಮ ತಗೊಳ್ಳದಿದ್ರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು ಅಂತ ಅದರಲ್ಲಿ ಇದೆ. ಜವಾಬ್ದಾರಿ ಗಿರಾಕಿ ಮಾಹಿತಿ ತಗೊಂಡ ನಿಮ್ಮದು, ಕಡಿಮೆ ರೇಟಿಗೆ ಮಾಡಿಕೊಟ್ಟವರನ್ನ ತೋರಿಸಿ ಕೈತೊಳ್ಕೊಳ್ಳೋಕಾಗಲ್ಲ.

ಎಐ ಇದೆಯಲ್ಲ, ಅದೇ ಬರೆದುಕೊಡುತ್ತೆ ಅಂತಾರೆ?

ಬರೆದುಕೊಡುತ್ತೆ, ನಾನೂ ದಿನಾ ಬಳಸ್ತೀನಿ, ಟೈಪ್ ಮಾಡೋ ಸಮಯ ನಿಜವಾಗ್ಲೂ ಉಳಿಯುತ್ತೆ. ಆದ್ರೆ ಆಗಸ್ಟಿನ ಮಾಲು ಅಕ್ಟೋಬರಲ್ಲಿ ವಾಪಸ್ ಬಂದ್ರೆ ಏನು ಮಾಡ್ಬೇಕು ಅನ್ನೋ ಪ್ರಶ್ನೆ ಯಾರಾದ್ರೂ ಕೇಳ್ಬೇಕಲ್ಲ, ಬಂದ ಉತ್ತರ ಸರಿನಾ ಅಂತ ನಿಮ್ಮ ವ್ಯಾಪಾರ ಗೊತ್ತಿರೋರು ನೋಡ್ಬೇಕಲ್ಲ. ಅವರ ಕೂಲಿ ಕಡಿತ ಮಾಡ್ಬೇಡಿ.

ಹಾಗಾದ್ರೆ ಜಾಸ್ತಿ ರೇಟ್ ಹೇಳಿದವರಿಗೇ ಕೊಡ್ಬೇಕಾ?

ಇಲ್ಲ, ಇದನ್ನ ನಾನು ಖಂಡಿತವಾಗಿ ಹೇಳ್ತೀನಿ. ದಿನಕ್ಕೆ ಇಪ್ಪತ್ತು ಬಿಲ್ ಮಾಡೋ ಅಂಗಡಿಗೆ ದೊಡ್ಡ ಸಿಸ್ಟಮ್ ಕಟ್ಟಿಸೋದು ಮೂಗಿಗಿಂತ ಮೂಗುತಿ ಭಾರ. ಬರೀ ಬಿಲ್ಲಿಂಗು ಲೆಕ್ಕ ಅಂದ್ರೆ ಟ್ಯಾಲಿ, ಜೋಹೋ ಬುಕ್ಸ್ ಥರದ ರೆಡಿಮೇಡ್ ತಗೊಳ್ಳಿ. ರೇಟ್ ಬದಲಾದ್ರೆ, ಇ-ಇನ್‌ವಾಯ್ಸ್ (ಬಿಲ್ಲನ್ನ ಸರ್ಕಾರದ ಪೋರ್ಟಲಲ್ಲಿ ನೋಂದಾಯಿಸೋದು) ನಿಯಮ ಬದಲಾದ್ರೆ ಅವರೇ ಅಪ್‌ಡೇಟ್ ಕೊಡ್ತಾರೆ, ಖರ್ಚು ಸಾವಿರಾರು ಗ್ರಾಹಕರಿಗೆ ಹಂಚಿ ಹೋಗಿರುತ್ತೆ. ಸ್ವಲ್ಪ ದೊಡ್ಡ ವ್ಯವಹಾರಕ್ಕೆ ಇಆರ್‌ಪಿನೆಕ್ಸ್ಟ್ ಅಂತ ಓಪನ್ ಸೋರ್ಸ್ ಇದೆ, ಮುಂಬೈಯವರು ಕಟ್ಟಿದ್ದು, ಲೈಸೆನ್ಸ್‌ಗೆ ದುಡ್ಡಿಲ್ಲ, ಕೂರಿಸಿ ನಡೆಸೋರಿಗೆ ಕೊಡ್ಬೇಕು. ಇ-ಇನ್‌ವಾಯ್ಸ್ 2020ರ ಅಕ್ಟೋಬರಲ್ಲಿ 500 ಕೋಟಿ ವಹಿವಾಟಿನವರಿಗೆ ಅಂತ ಶುರುವಾಗಿ ಇಳೀತಾ ಇಳೀತಾ 2023ರ ಆಗಸ್ಟಿಗೆ 5 ಕೋಟಿಗೆ ಬಂತು. ಮೂರೇ ವರ್ಷದಲ್ಲಿ ಇಷ್ಟು ಇಳಿದಿರೋದನ್ನ ಒಬ್ಬನೇ ಹುಡುಗ ಬರೆದ ಸಾಫ್ಟ್‌ವೇರ್ ಬೆನ್ನಟ್ಟೋದು ಕಷ್ಟ. ನಿಮ್ಮಲ್ಲಿ ಮಾತ್ರ ಇರೋ ಪದ್ಧತಿ ಏನಿದೆಯೋ ಅಷ್ಟಕ್ಕೆ ಹೊಸದಾಗಿ ಮಾಡಿಸಿ, ಹಾಸಿಗೆ ಇದ್ದಷ್ಟೇ ಕಾಲು ಚಾಚಿ.

ಎಎಂಸಿ (ವರ್ಷದ ನಿರ್ವಹಣೆ ಒಪ್ಪಂದದ ದುಡ್ಡು) ಯಾಕೆ ಕೊಡ್ಬೇಕು? ಒಂದ್ಸಲ ಮಾಡಿದ್ರೆ ಮುಗೀತಲ್ವಾ?

ಮೇಲಿನ ಉತ್ತರಗಳಲ್ಲಿ ಬಂದಿದ್ದೆಲ್ಲಾ, ರೇಟು, ಅಪ್‌ಡೇಟು, ಬ್ಯಾಕಪ್ ಪರೀಕ್ಷೆ, ಯಾರೋ ಒಬ್ಬರು ಪ್ರತಿ ವರ್ಷ ಮಾಡ್ಲೇಬೇಕು. ಎಎಂಸಿ ಕೊಡೋವಾಗ ಅದರಲ್ಲಿ ಏನೇನು ಬರುತ್ತೆ, ಸರ್ಕಾರಿ ನಿಯಮ ಬದಲಾದ್ರೆ ಸೇರುತ್ತಾ, ಫೋನ್ ಮಾಡಿದ್ರೆ ಎಷ್ಟು ಗಂಟೆಯೊಳಗೆ ಸ್ಪಂದಿಸ್ತಾರೆ ಅಂತ ಬರೆಸ್ಕೊಳ್ಳಿ.

ನಾವು ಈಗಾಗ್ಲೇ ಸಿಕ್ಕಾಕೊಂಡಿದೀವಿ. ಎಲ್ಲಾ ಕಿತ್ತು ಹೊಸದಾಗಿ ಮಾಡಿಸ್ಬೇಕಾ?

ಗಾಬರಿ ಆಗ್ಬೇಡಿ, ಹೆಚ್ಚಿನ ಕೇಸಲ್ಲಿ ಪೂರ್ತಿ ಕೀಳೋದು ಬೇಕಾಗಲ್ಲ, ಕಿತ್ತು ಹಾಕಿ ಅಂತ ಮೊದಲ ದಿನಾನೇ ಹೇಳೋರ ಹತ್ರ ಸ್ವಲ್ಪ ಹುಷಾರಾಗಿರಿ. ಮೊದಲು ಡೇಟಾ ಪೂರ್ತಿ ಒಂದು ಕಾಪಿ ನಿಮ್ಮ ಕೈಗೆ ತಗೊಳ್ಳಿ. ಹಳೇ ಹುಡುಗನ ಜೊತೆ ಜಗಳ ಆಡೋಕೆ ಮುಂಚೆ ಪಾಸ್‌ವರ್ಡು, ಕೋಡು, ಡೊಮೈನ್ ಎಲ್ಲಾ ಒಳ್ಳೇ ಮಾತಲ್ಲಿ ಇಸ್ಕೊಳ್ಳಿ, ಬಾಕಿ ದುಡ್ಡಿದ್ರೆ ಕೊಟ್ಟು ಬಿಡಿ, ಅವನೂ ಬಹಳ ಸಲ ಕಡಿಮೆ ದುಡ್ಡಿಗೆ ರಾತ್ರಿ ನಿದ್ದೆಗೆಟ್ಟು ಕೆಲಸ ಮಾಡಿರ್ತಾನೆ. ಆಮೇಲೆ ಒಬ್ಬ ತಿಳಿದವರಿಗೆ ಎರಡು ಮೂರು ದಿನದ ಕೂಲಿ ಕೊಟ್ಟು ಕೋಡ್ ಓದಿಸಿ ವರದಿ ಬರೆಸಿ, ಅದೇ ವ್ಯಕ್ತಿಗೆ ಮುಂದಿನ ಕೆಲಸ ಕೊಡ್ತೀನಿ ಅಂತ ಮಾತ್ರ ಹೇಳ್ಬೇಡಿ. ಆ ಡಿಸ್ಟ್ರಿಬ್ಯೂಟರ್ ಅಂಗಡೀಲಿ ನಾವು ಮಾಡಿದ್ದೂ ಹೀಗೇನೇ. ಸ್ಕ್ರೀನ್ ಹಳೇದೇ ಬಿಟ್ವಿ, ಸ್ಟಾಫಿಗೆ ಅದೇ ರೂಢಿ ಆಗಿತ್ತು. ರೇಟಿಗೆ ತಾರೀಕಿನ ಟೇಬಲ್ ಹಾಕಿದ್ವಿ, ಸ್ಕ್ರೀನು ಪ್ರಿಂಟು ರಿಪೋರ್ಟು ಮೂರೂ ಅದನ್ನೇ ಓದೋ ಹಾಗೆ ಮಾಡಿದ್ವಿ, ಜುಲೈ ಆಗಸ್ಟಿನ ಬಿಲ್ಲನ್ನೆಲ್ಲಾ ಮತ್ತೆ ಪ್ರಿಂಟ್ ತೆಗೆದು ಫೈಲಲ್ಲಿದ್ದ ಹಳೇ ಕಾಪಿ ಜೊತೆ ಇಟ್ಟು ನೋಡಿದ್ವಿ. ಹದಿನೇಳು ದಿನ ಹಿಡೀತು. ಕಾರ್ಬನ್ ಹಾಳೆ ಇರೋ ಆ ಬಿಲ್ ಬುಕ್ ಈಗಲೂ ಅವರ ಡ್ರಾಯರಲ್ಲಿದೆ, ಯಾರಾದ್ರೂ ಕಡಿಮೆಗೆ ಮಾಡ್ಕೊಡ್ತೀವಿ ಅಂತ ಬಂದ್ರೆ ತೆಗೆದು ಮೇಜಿನ ಮೇಲಿಟ್ಟು, ‘ಮುಂದಿನ ಸಲ ರೇಟ್ ಬದಲಾದ್ರೆ ಏನ್ಮಾಡ್ತೀರಾ, ಮೊದಲು ಅದನ್ನ ಹೇಳಿ’ ಅಂತ ಕೇಳ್ತಾರೆ.